ಏಳರಿಂದ ನಾಲ್ಕು, ಸಂದು ಚುಕ್ಕಿ

ಅತಿಥಿಗಳು ಬರುತ್ತಾರೆಂದರೆ ನಮ್ಮ ಶಾಲೆಗೆ ಮೊದಲು ನೆನಪಾಗುವುದು ಫಿನಾಯಿಲ್, ಆಮೇಲೆ ರಂಗೋಲಿ. ಅಂದು ಯಾರೋ ದಾನಿಗಳು ಬರುವವರಿದ್ದರು. ಡೊಂಬಿವಲಿಯಿಂದ ಹೊರಟ ನನ್ನ ಲೋಕಲ್ ರೈಲು ಠಾಣೆ ಸ್ಟೇಷನ್ನಿನ ಹತ್ತಿರ ಇಪ್ಪತ್ತು ನಿಮಿಷ ನಿಂತುಬಿಟ್ಟಿತ್ತು. ಓಡೋಡಿ ಶಾಲೆಯ ಮೆಟ್ಟಿಲು ಹತ್ತುವಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಚುಕ್ಕಿ ಇಡುತ್ತಿದ್ದಳು. ಗಣಿತದ ಪುಸ್ತಕ ತೆರೆದ ಕೂಡಲೇ ಆಕಳಿಸುವ ಹುಡುಗಿ. ದಾಟಿಕೊಂಡು ಹೋಗಲು ಜಾಗವಿಲ್ಲದ್ದರಿಂದ ನಿಂತೆ. ನಿಂತವಳಿಗೆ ಬಾಯಿ ಸುಮ್ಮನಿರಲಿಲ್ಲ.

"ಎಷ್ಟು ಚುಕ್ಕಿ?" ಎಂದೆ.

"ಏಳರಿಂದ ನಾಲ್ಕು, ಸಂದು ಚುಕ್ಕಿ, ಟೀಚರ್."

ಅದು ರಂಗೋಲಿಯವರ ಭಾಷೆ. ನಡುವಿನ ಸಾಲಿನಲ್ಲಿ ಏಳು ಚುಕ್ಕಿ; ಅದರ ಮೇಲೂ ಕೆಳಗೂ ಎರಡೆರಡು ಚುಕ್ಕಿಗಳ ಸಂದಿಗೆ ಒಂದೊಂದರಂತೆ ಆರು, ಮತ್ತೆ ಐದು, ಕೊನೆಗೆ ನಾಲ್ಕು. ಇಟ್ಟು ಮುಗಿಸಿದರೆ ಆರು ಮೂಲೆಯ ಆಕೃತಿ ತಾನಾಗಿ ನೆಲದ ಮೇಲೆ ಎದ್ದು ಬರುತ್ತದೆ.

"ಅದು ಗೊತ್ತು. ಒಟ್ಟು ಎಷ್ಟು?"

ಅವಳು ತಲೆ ಎತ್ತಲೂ ಇಲ್ಲ. "ಮೂವತ್ತೇಳು."

ಬೆರಳು ಮಡಚಲಿಲ್ಲ, ತುಟಿ ಅಲುಗಿಸಲಿಲ್ಲ. ಉರು ಹಾಕಿರಬೇಕು ಅಂದುಕೊಂಡೆ. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, ಇಷ್ಟು ಸರಳವಾದುದನ್ನು ಕೇಳುತ್ತಾರಲ್ಲ ಎಂಬಂತೆ ನನ್ನನ್ನು ನೋಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಪುಡಿ ಹಿಡಿದುಕೊಂಡೇ ಹೇಳಿದಳು: "ನಡುವೆ ಒಂದು. ಅದರ ಸುತ್ತ ಆರು. ಆಮೇಲಿನ ಸುತ್ತು ಹನ್ನೆರಡು. ಕೊನೆಯ ಸುತ್ತು ಹದಿನೆಂಟು."

ಗಮನಿಸಿ, ಅವಳು ಚುಕ್ಕಿ ಇಟ್ಟದ್ದು ಸಾಲು ಸಾಲಾಗಿ. ನೋಡಿದ್ದು ಮಾತ್ರ ಸುತ್ತು ಸುತ್ತಾಗಿ. ಕೈ ಮಾಡಿದ್ದು ಒಂದು, ಕಣ್ಣು ಕಂಡದ್ದು ಇನ್ನೊಂದು. ಎರಡು ದಶಕಕ್ಕೂ ಹೆಚ್ಚು ಕಾಲ ಗಣಿತ ಕಲಿಸಿದ ನನಗೆ ಆ ಬೆಳಿಗ್ಗೆ, ಫಿನಾಯಿಲ್ ವಾಸನೆಯ ನಡುವೆ, ಸ್ವಲ್ಪ ನಾಚಿಕೆಯಾಯಿತು. ಏಕೆಂದರೆ ಸುತ್ತುಗಳನ್ನು ಕೂಡಿಸುತ್ತ ಹೋದರೆ ಸಿಗುವ ಇದೇ 1, 7, 19, 37 ಸರಣಿಯನ್ನು ನಾನೇ ಹಲವು ಸಲ ಬೋರ್ಡಿನ ಮೇಲೆ ಬರೆದು, ಮಕ್ಕಳ ಕಣ್ಣಿನಲ್ಲಿದ್ದ ಬೆಳಕನ್ನು ನಾನೇ ಆರಿಸಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೂರನೆಯ ಪಿರಿಯಡ್‌ನಲ್ಲಿ ಅದೇ ರಂಗೋಲಿಯ ಚುಕ್ಕಿಗಳನ್ನು ಬೋರ್ಡಿನ ಮೇಲೆ ಇಟ್ಟೆ. ಗೆರೆ ಎಳೆಯಲಿಲ್ಲ. ಉತ್ತರವನ್ನೂ ನಾನೇ ಬರೆದುಬಿಟ್ಟೆ: 37. "ಎಷ್ಟು ಎಂದು ಕೇಳುತ್ತಿಲ್ಲ. ಹೇಗೆ ನೋಡಿದಿರಿ, ಅದನ್ನು ಹೇಳಿ" ಎಂದೆ.

ನಮ್ಮದು ಮುಂಬಯಿಯ ಪೂರ್ವ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆ. ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳು. ಕೆಲವರ ಮನೆಯಲ್ಲಿ ತುಳು, ಕೆಲವರ ಮನೆಯಲ್ಲಿ ಕಲಬುರಗಿ ಯಾದಗಿರಿ ಕಡೆಯ ಕನ್ನಡ, ಮೂವರ ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ಎಲ್ಲರಿಗೂ ಮರಾಠಿ ಬೆರೆತ ಹಿಂದಿ. ಪುಣೆಯ ಬಾಲಭಾರತಿ ಅಚ್ಚುಹಾಕುವ ಕನ್ನಡ ಪಠ್ಯಪುಸ್ತಕದ 'ಬೀಜೋಕ್ತಿ', 'ಚರಾಕ್ಷರ' ಇವರಿಗೆ ಯಾವ ಮನೆಯಲ್ಲಿಯೂ ಕೇಳಿಸದ ಮಾತುಗಳು. ಶಬ್ದ ಸಮಸ್ಯೆಯನ್ನು ಓದಿ ಹೇಳು ಎಂದರೆ ಅರ್ಧ ತರಗತಿ ಮೇಜಿನ ಕೆಳಗೆ ಬಿದ್ದಿರದ ಪೆನ್ಸಿಲ್ ಹುಡುಕುತ್ತದೆ. ಆದರೆ ಬೋರ್ಡಿನ ಮೇಲಿನ ಚುಕ್ಕಿಗೆ ಓದು ಬೇಡ. ಎದ್ದು ಬಂದು ಬೆರಳಿಟ್ಟು ತೋರಿಸಿದರೆ ಸಾಕು. ಅಂದು ಕೈ ಎತ್ತಿದವರಲ್ಲಿ ವರ್ಷವಿಡೀ ಕೈ ಎತ್ತದ ಇಬ್ಬರಿದ್ದರು.

ಮೊದಲಿನವನು ಸಾಲು ಹಿಡಿದ: ನಾಲ್ಕು, ಐದು, ಆರು ಸೇರಿ ಹದಿನೈದು, ಮೇಲೆ ಹದಿನೈದು, ಕೆಳಗೆ ಹದಿನೈದು, ನಡುವೆ ಏಳು. ರಂಗೋಲಿಯ ಹುಡುಗಿ ತನ್ನ ಸುತ್ತುಗಳನ್ನು ಹೇಳಿದಳು. ಆಮೇಲೆ ಎದ್ದವಳು ಬೋರ್ಡಿನ ಹತ್ತಿರ ಬಂದು, ನಡುವಿನ ಚುಕ್ಕಿಯನ್ನು ಬಿಟ್ಟು, ಉಳಿದುದನ್ನು ಮೂರು ಓರೆ ಚೌಕಗಳಾಗಿ ಚಾಕ್‌ಪೀಸಿನಿಂದ ಬಳಸಿ ಹಾಕಿದಳು. "ಮೂರು ಶಂಕರಪೋಳಿ ಟೀಚರ್, ನಡುವೆ ಒಂದು ಚುಕ್ಕಿ." ಎಣಿಸಿ ನೋಡಿದರೆ ಪ್ರತಿ ಶಂಕರಪೋಳಿಯಲ್ಲಿಯೂ ಮೂರು ಸಾಲು, ಸಾಲಿಗೆ ನಾಲ್ಕು. ಮೂರು ಹನ್ನೆರಡಲ ಮೂವತ್ತಾರು, ಮೇಲೊಂದು. ನನಗೆ ಇದು ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಸೂತ್ರ ಗೊತ್ತಿತ್ತು, 3n(n−1)+1; n ಎಂದರೆ ಹೊರಗಿನ ಒಂದು ಅಂಚಿನಲ್ಲಿರುವ ಚುಕ್ಕಿಗಳು, ಇಲ್ಲಿ ನಾಲ್ಕು. ಆ ಸೂತ್ರದ ಒಳಗೆ ಮೂರು ಶಂಕರಪೋಳಿ ಕುಳಿತಿವೆ ಎಂದು ಗೊತ್ತಿರಲಿಲ್ಲ.

ಕೊನೆಗೆ ಹಿಂದಿನ ಬೆಂಚಿನಿಂದ ಒಂದು ಧ್ವನಿ: "ಅಕ್ಕಾವರೇ, ಅದು ಡಬ್ಬಾ."

ಯಾದಗಿರಿ ಕಡೆಯಿಂದ ಆ ವರ್ಷ ಬಂದು ಸೇರಿದ ಹುಡುಗ. ಊರಿನ ರೂಢಿಯಂತೆ ನನ್ನನ್ನು ಅಕ್ಕಾವರೇ ಎನ್ನುತ್ತಿದ್ದ, ಅದಕ್ಕೇ ಉಳಿದವರು ನಗುತ್ತಿದ್ದರು. ಅಂದು ಎರಡು ಪಟ್ಟು ನಕ್ಕರು. ಮುಂಬಯಿಯಲ್ಲಿ ಡಬ್ಬಾ ಎಂದರೆ ಊಟದ ಡಬ್ಬಿ, ಲೋಕಲ್ಲಿನ ಬೋಗಿ. ಹೊತ್ತು ಹನ್ನೆರಡೂವರೆ, ಇವನಿಗೆ ಹಸಿವಾಗಿದೆ ಎಂದು ನಾನೂ ನಕ್ಕು "ಕುಳಿತುಕೋ, ಬೆಲ್ ಆಗುತ್ತದೆ" ಎಂದೆ. ಅವನು ಕುಳಿತ.

ಈಗ ನನ್ನ ಹಳೆಯ ಪಾಪದ ವಿಷಯ. ಈ ಪಾಠವನ್ನು ನಾನು ಹಿಂದೆ ಮಾಡುತ್ತಿದ್ದುದು ಹೀಗೆ: ಆಕೃತಿ ಒಂದು, ಎರಡು, ಮೂರು, ನಾಲ್ಕು ಎಂದು ಬೋರ್ಡಿನಲ್ಲಿ ಬಿಡಿಸುವುದು, ಮಕ್ಕಳು ಅದನ್ನು ನೋಡಿ ಮುಗಿಸುವ ಮೊದಲೇ ಪಕ್ಕದಲ್ಲಿ ಎರಡು ಕಂಬಸಾಲಿನ ಕೋಷ್ಟಕ ಎಳೆಯುವುದು. ಎಡಕ್ಕೆ 1, 2, 3, 4. ಬಲಕ್ಕೆ 1, 7, 19, 37. "ವ್ಯತ್ಯಾಸ ತೆಗೆಯಿರಿ" ಎಂದರೆ 6, 12, 18. "ಮುಂದಿನದು?" ಎಂದರೆ ಇಡೀ ತರಗತಿ ಒಂದೇ ದನಿಯಲ್ಲಿ "ಇಪ್ಪತ್ನಾಲ್ಕು ಸೇರಿಸಿ ಅರವತ್ತೊಂದು". ಎಲ್ಲರಿಗೂ ಬಂತು ಎಂದು ನನಗೆ ಸಂತೋಷ. ಆರು ಏಕೆ, ಐದು ಏಕಲ್ಲ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೋಷ್ಟಕ ಬಂದ ಕ್ಷಣವೇ ಚಿತ್ರ ಗೋಡೆಯ ಅಲಂಕಾರವಾಗಿತ್ತು; ಅದನ್ನು ಒರೆಸಿಹಾಕಿದ್ದರೂ ಲೆಕ್ಕ ನಡೆಯುತ್ತಿತ್ತು. ಹತ್ತನೆಯ ಆಕೃತಿಗೆ ಎಷ್ಟು ಎಂದರೆ ಒಂದೊಂದಾಗಿ ಹತ್ತಿ ಹೋಗಬೇಕು, ನೂರನೆಯದಕ್ಕೆ ಎಂದರೆ ಕಣ್ಣುಗುಡ್ಡೆ ಮೇಲೆ. ಸುತ್ತುಗಳನ್ನು ಕಂಡ ಹುಡುಗಿಗೆ ನೂರನೆಯದೂ ಮೂರನೆಯದೂ ಒಂದೇ ಜಾತಿ: ಪ್ರತಿ ಸುತ್ತಿಗೂ ಆರು ಅಂಚು, ಹೊರಗೆ ಹೋದಂತೆ ಅಂಚಿಗೊಂದು ಚುಕ್ಕಿ ಹೆಚ್ಚು. ಆರು ಎಲ್ಲಿಂದ ಬಂತೆಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಅವಳ ಬೆರಳಿಗೆ ಗೊತ್ತು.

ಕೋಷ್ಟಕವೇ ಕೆಟ್ಟದ್ದು ಎನ್ನುತ್ತಿಲ್ಲ. ಬೇಗ ಬಂದರೆ ಕೆಟ್ಟದ್ದು. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿವೇತನ ಪರೀಕ್ಷೆಗಳಿವೆ, ಅದರಲ್ಲಿ ಬುದ್ಧಿಮತ್ತೆಯ ಪ್ರಶ್ನೆಗಳು. ಸಂಖ್ಯಾಸರಣಿ ಕೊಟ್ಟು ಮುಂದಿನದನ್ನು ಕೇಳುತ್ತಾರೆ, ನಾಲ್ಕು ಆಯ್ಕೆ, ಗಡಿಯಾರದ ಮುಳ್ಳು ಓಡುತ್ತಿರುತ್ತದೆ. ಅದಕ್ಕೆ ತಯಾರು ಮಾಡಿ ಮಾಡಿ ನಾವು ಶಿಕ್ಷಕರೇ ಹಾಗೆ ಯೋಚಿಸತೊಡಗಿದ್ದೇವೆ. ವಿನ್ಯಾಸ ಎಂದರೆ ಬಿಟ್ಟ ಸ್ಥಳ ತುಂಬುವುದು. 2024ರಲ್ಲಿ ಬಂದ ಎನ್‌ಸಿಇಆರ್‌ಟಿಯ ಆರನೆಯ ತರಗತಿಯ ಹೊಸ ಗಣಿತ ಪುಸ್ತಕದಲ್ಲಿ ಮೊದಲ ಅಧ್ಯಾಯವೇ ವಿನ್ಯಾಸಗಳದ್ದು, 1, 7, 19, 37 ಕೂಡ ಚಿತ್ರದೊಂದಿಗೆ ಅಲ್ಲಿದೆ. ನೋಡಿ ಖುಷಿಯಾಯಿತು. ಆದರೆ ಪುಸ್ತಕ ಚಿತ್ರ ಕೊಡಬಹುದು, ಪಕ್ಕದಲ್ಲಿ ಕೋಷ್ಟಕ ಎಳೆಯಲು ತುರಿಸುವ ಕೈ ನನ್ನದು.

ಡಬ್ಬಾಕ್ಕೆ ಬರುತ್ತೇನೆ. ಮೂರು ದಿನದ ಮೇಲೆ ಸಂಜೆ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದೆ. ಲಗೇಜ್ ಬೋಗಿ ನಿಲ್ಲುವ ಕಡೆ ಯಾರೋ ಒಂದೇ ಅಳತೆಯ ರಟ್ಟಿನ ಪೆಟ್ಟಿಗೆಗಳನ್ನು ಚೊಕ್ಕವಾಗಿ ಪೇರಿಸಿಟ್ಟಿದ್ದರು. ಸೇತುವೆಯ ಮೆಟ್ಟಿಲಿನ ಮೇಲೆ ನಿಂತಿದ್ದ ನನಗೆ ಆ ರಾಶಿ ಮೂಲೆಯ ಕಡೆಯಿಂದ ಕಾಣಿಸುತ್ತಿತ್ತು. ಮೇಲಿನ ಮುಖ ಒಂದು ಓರೆ ಚೌಕ, ಎಡದ್ದು ಒಂದು, ಬಲದ್ದು ಒಂದು. ಮೂರು ಶಂಕರಪೋಳಿ. ಹೊರ ಅಂಚು ಹಿಡಿದು ನೋಡಿದರೆ ಆರು ಮೂಲೆ. ನನ್ನ ಗಾಡಿ ಬಂದು ಹೋಯಿತು, ನಾನು ಹತ್ತಲಿಲ್ಲ.

ಹುಡುಗ ಹೇಳಿದ್ದು ಊಟದ ಡಬ್ಬಾ ಅಲ್ಲ, ಪೆಟ್ಟಿಗೆ. ಅವನ ತಂದೆ ಮಸ್ಜಿದ್ ಬಂದರಿನ ಗೋದಾಮುಗಳಲ್ಲಿ ಹೊರೆ ಇಳಿಸುವವರು ಎಂದು ಹಾಜರಿ ಪುಸ್ತಕದಲ್ಲಿ ನಾನೇ ಬರೆದುಕೊಂಡಿದ್ದೆ.

ಮರುದಿನ ತರಗತಿಯಲ್ಲಿ ಎಲ್ಲರ ಎದುರು "ಮೊನ್ನೆ ನಾನು ನಿನ್ನ ಮಾತು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಈಗ ಹೇಳು" ಎಂದೆ. ಅವನಿಗೆ ಮಾತಿಗಿಂತ ಮಾಡಿ ತೋರಿಸುವುದು ಸುಲಭವಾಗಿತ್ತು. ಎರಡು ಡಬ್ಬಿ ಸಕ್ಕರೆ ಕ್ಯೂಬ್ ತಂದಿದ್ದೆ. ಮಳೆಗಾಲದ ಮುಂಬಯಿಯಲ್ಲಿ ಸಕ್ಕರೆ ತರುವುದು ಜಾಣತನವಲ್ಲ. ಕೈಗೆ ಅಂಟುತ್ತದೆ, ಹತ್ತು ನಿಮಿಷದಲ್ಲಿ ಇರುವೆ ಹಾಜರು. ಆದರೆ ಅಂಟುವುದರಿಂದ ಕಟ್ಟಡ ಬೀಳುವುದಿಲ್ಲ ಎಂಬ ಲಾಭವೂ ಇತ್ತು.

ಅವನು ಒಂದು ಕ್ಯೂಬ್ ಇಟ್ಟ. ಅದರ ಮೂರು ಮುಖಗಳನ್ನು ಮುಚ್ಚುವಂತೆ ಏಳು ಕ್ಯೂಬ್ ಜೋಡಿಸಿದ. ಎರಡಕ್ಕೆರಡಕ್ಕೆರಡರ ಪೆಟ್ಟಿಗೆಯಾಯಿತು, ಎಂಟು. ಅದನ್ನು ಮತ್ತೆ ಮೂರು ಕಡೆಯಿಂದ ಮುಚ್ಚಿದ, ಹತ್ತೊಂಬತ್ತು ಹಿಡಿಯಿತು, ಇಪ್ಪತ್ತೇಳಾಯಿತು. ಮತ್ತೆ ಮೂರು ಕಡೆ ಮುಚ್ಚಿದ. ಈ ಸಲ ಎಣಿಸುವ ಕೆಲಸವನ್ನು ತರಗತಿಯೇ ಗಟ್ಟಿಯಾಗಿ ಮಾಡಿತು, ಮೂವತ್ತೇಳಕ್ಕೆ ನಿಂತಿತು. ಒಟ್ಟು ಅರವತ್ತನಾಲ್ಕು. ಮೂಲೆಗೆ ಕಣ್ಣಿಟ್ಟು ನೋಡಿದವರಿಗೆಲ್ಲ ಬೋರ್ಡಿನ ಮೇಲಿದ್ದ ರಂಗೋಲಿಯೇ ಕಾಣಿಸಿತು, ನಡುವಿನ ಚುಕ್ಕಿ ಇದ್ದಲ್ಲಿ ಮುಂದಿನ ಮೂಲೆಯ ಕ್ಯೂಬ್.

"ಕಾಣಿಸುವುದು ಮೂವತ್ತೇಳು, ಒಳಗೆ ಇಪ್ಪತ್ತೇಳು" ಎಂದ. ಆಮೇಲೆ, ಲೆಕ್ಕದ ಪಾಠಕ್ಕೆ ಸೇರಿದ್ದೋ ಅಲ್ಲವೋ ಎಂಬ ಅನುಮಾನದಲ್ಲಿ, ಸಣ್ಣ ದನಿಯಲ್ಲಿ ಸೇರಿಸಿದ: "ಕಾಣಿಸದ ಪೆಟ್ಟಿಗೆಗೂ ಕೂಲಿ ಕೊಡಬೇಕು, ಅಕ್ಕಾವರೇ."

ಈ ಸಲ ಯಾರೂ ನಗಲಿಲ್ಲ.

ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದೆವು. ಸಾಲು ಹಿಡಿದವನದು 2 × 15 + 7. ಸುತ್ತು ಕಂಡವಳದು 1 + 6 × (1 + 2 + 3). ಶಂಕರಪೋಳಿಯವಳದು 3 × 3 × 4 + 1. ಡಬ್ಬಾದವನದು 4 × 4 × 4 − 3 × 3 × 3. ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಲೆಕ್ಕ, ಉತ್ತರ ಒಂದೇ. ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ರಂಗೋಲಿ ಏಳರಿಂದ ನಾಲ್ಕರ ಬದಲು ಒಂಬತ್ತರಿಂದ ಐದು ಆದರೆ, ನಿಮ್ಮ ನಿಮ್ಮ ಸಾಲಿನಲ್ಲಿ ಯಾವ ಅಂಕಿ ಬದಲಾಗುತ್ತದೆ, ಯಾವುದು ಹಾಗೇ ಉಳಿಯುತ್ತದೆ?" ಶಂಕರಪೋಳಿಯ ಹುಡುಗಿ ಮೊದಲ ಮೂರನ್ನು ಬೆರಳಿನಿಂದ ಮುಚ್ಚಿ "ಇದು ಬದಲಾಗುವುದಿಲ್ಲ, ಇದು ಶಂಕರಪೋಳಿಗಳ ಮೂರು, ಅದು ಸಾಲುಗಳ ಮೂರು, ಅದು ನಾಲ್ಕಾಗುತ್ತದೆ" ಎಂದಳು. ಒಂದೇ ಮೂರು, ಎರಡು ಕೆಲಸ. n ಎಂಬ ಅಕ್ಷರವನ್ನು ನಾನು ಅಂದು ಬರೆಯಲೇ ಇಲ್ಲ, ಆದರೆ ಅವಳು ಹೇಳಿದ್ದು ಅದನ್ನೇ. ವರ್ಷಗಟ್ಟಲೆ 'ಅಕ್ಷರದ ಬದಲಿಗೆ ಯಾವ ಸಂಖ್ಯೆಯನ್ನಾದರೂ ಇಡಬಹುದು' ಎಂದು ಉಪದೇಶ ಮಾಡಿದರೂ ಒಳಗೆ ಇಳಿಯದ ಮಾತು.

ರಾಶಿಯನ್ನು ಕಂಡು ಲೆಕ್ಕಕ್ಕೆ ಹೋಗುವುದು ಹೊಸದೇನೂ ಅಲ್ಲ. ಆರ್ಯಭಟ 499ರ ಸುಮಾರಿಗೆ ಬರೆದ ಆರ್ಯಭಟೀಯದಲ್ಲಿ ಇಂಥ ಮೊತ್ತಗಳಿಗೆ ಇಟ್ಟ ಹೆಸರೇ 'ಚಿತಿಘನ'. ಚಿತಿ ಎಂದರೆ ಪೇರಿಸಿದ್ದು. ಒಂದು, ಮೂರು, ಆರು, ಹತ್ತು ಎಂದು ಮುಕ್ಕೋನ ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟಾಗುತ್ತದೆ ಎಂದು ಅವನು ಶ್ಲೋಕದಲ್ಲಿ ಹೇಳುತ್ತಾನೆ. ಮುಂದಿನ ಶ್ಲೋಕದಲ್ಲಿ ವರ್ಗಗಳ ರಾಶಿ, ಘನಗಳ ರಾಶಿ. ಸಾವಿರ ವರ್ಷ ಕಳೆದ ಮೇಲೆ ಕೇರಳದ ನೀಲಕಂಠ ಸೋಮಯಾಜಿ ಅದಕ್ಕೆ ಭಾಷ್ಯ ಬರೆಯುವಾಗ, ಆ ಮೊತ್ತಗಳನ್ನು ತುಂಡುಗಳಾಗಿ ಜೋಡಿಸಿ ಕಣ್ಣಿಗೆ ಕಾಣುವಂತೆ ಸಾಧಿಸಿ ತೋರಿಸಿದ. ಮಾಟುಂಗಾ ಮಾರುಕಟ್ಟೆಯಲ್ಲಿ ಕಿತ್ತಳೆ ಪೇರಿಸುವವನಿಗೆ ಈ ಶ್ಲೋಕ ಗೊತ್ತಿರಲಿಕ್ಕಿಲ್ಲ. ನಾಲ್ಕು ಪದರದ ಚೌಕ ರಾಶಿಗೆ ಮೂವತ್ತು ಕಿತ್ತಳೆ ಬೇಕೆಂದು ಅವನ ಕೈಗೆ ಗೊತ್ತಿರುತ್ತದೆ.

ಇಷ್ಟಾದ ಮೇಲೆ ಮಕ್ಕಳು ಎಲ್ಲೆಲ್ಲೂ ವಿನ್ಯಾಸ ಹುಡುಕತೊಡಗಿದರು, ನನಗೂ ಸ್ವಲ್ಪ ಜಂಬ ಬಂದಿತ್ತು. ಆ ಜಂಬ ಇಳಿಸಲೆಂದೇ ಇರುವ ಒಂದು ಲೆಕ್ಕವಿದೆ. ಹೋಳಿಗೆ ಕತ್ತರಿಸುವ ಲೆಕ್ಕ ಎಂದು ಕರೆಯುತ್ತೇನೆ. ಹೋಳಿಗೆಯ ಅಂಚಿನಲ್ಲಿ ಎರಡು ಚುಕ್ಕಿ ಇಟ್ಟು ಸೇರಿಸಿ ಕತ್ತರಿಸಿದರೆ 2 ತುಂಡು. ಮೂರು ಚುಕ್ಕಿ ಇಟ್ಟು ಎಲ್ಲವನ್ನೂ ಎಲ್ಲದಕ್ಕೂ ಸೇರಿಸಿದರೆ 4. ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ? ಇಡೀ ತರಗತಿ ಕಿರುಚಿತು: "ಮೂವತ್ತೆರಡು!"

"ಬಿಡಿಸಿ ಎಣಿಸಿ" ಎಂದು ಹೇಳಿ ಕುರ್ಚಿಯಲ್ಲಿ ಕುಳಿತೆ. ಶಿಕ್ಷಕ ವೃತ್ತಿಯಲ್ಲಿ ಇಂಥ ಸುಖದ ಕ್ಷಣಗಳು ಕಡಿಮೆ. ಐದು ನಿಮಿಷ ಬಿಟ್ಟು ಅಲ್ಲೊಂದು ಇಲ್ಲೊಂದು ಜಗಳ ಶುರುವಾಯಿತು. ಕೆಲವರಿಗೆ 31, ಕೆಲವರಿಗೆ 30. 32 ಬಂದವರು ಒಬ್ಬರೂ ಇಲ್ಲ; ಒಬ್ಬ ಮಾತ್ರ ಬರಲೇಬೇಕೆಂದು ಒಂದು ತುಂಡನ್ನು ಎರಡು ಸಲ ಎಣಿಸಿ ಸಿಕ್ಕಿಬಿದ್ದ. ಎಲ್ಲರ ಮುಖವೂ ನಾನು ಮೋಸ ಮಾಡಿದೆನೆಂಬಂತೆ ಇತ್ತು. ಮೂವತ್ತು ಬಂದವರೆಲ್ಲ ಸ್ಕೇಲು ಕೈವಾರ ಹಿಡಿದು ಅಚ್ಚುಕಟ್ಟಾಗಿ ಆರು ಚುಕ್ಕಿ ಇಟ್ಟವರು: ಅವರ ಮೂರು ಉದ್ದದ ಗೆರೆಗಳು ನಡುವೆ ಒಂದೇ ಬಿಂದುವಿನಲ್ಲಿ ಕೂಡಿ, ಅಲ್ಲಿ ಹುಟ್ಟಬೇಕಿದ್ದ ಪುಟ್ಟ ತ್ರಿಕೋನ ಕಾಣೆಯಾಗಿತ್ತು. ಕೈಗೆ ಬಂದಂತೆ ಗೀಚಿದವರಿಗೆ 31. ಜೀವನದಲ್ಲಿ ಮೊದಲ ಸಲ ಅಚ್ಚುಕಟ್ಟಿನವರಿಗಿಂತ ಗೀಚುವವರಿಗೆ ಒಂದು ತುಂಡು ಹೆಚ್ಚು ಸಿಕ್ಕಿತು, ಅವರ ಸಂಭ್ರಮ ಕೇಳಬೇಡಿ.

ದುಪ್ಪಟ್ಟಾಗುತ್ತದೆ ಎಂದು ಹೇಳಿದ್ದು ಕೋಷ್ಟಕ. ಏಕೆ ದುಪ್ಪಟ್ಟಾಗಬೇಕು ಎಂದು ಚಿತ್ರವನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಅದು ಬೇರೆಯೇ ಹೇಳುತ್ತದೆ: ಪ್ರತಿ ಗೆರೆಗೆ ಒಂದು ಹೊಸ ತುಂಡು, ಗೆರೆಗಳು ಒಳಗೆ ದಾಟುವ ಪ್ರತಿ ಜಾಗಕ್ಕೆ ಇನ್ನೊಂದು. ಆರು ಚುಕ್ಕಿಗೆ ಗೆರೆ ಹದಿನೈದು, ದಾಟು ಹದಿನೈದು, ಮೊದಲಿನ ಇಡೀ ಹೋಳಿಗೆ ಒಂದು. ಇದು ಅವರಿಗೆ ಅರ್ಥವಾಗಲು ಇನ್ನೂ ಎರಡು ಪಿರಿಯಡ್ ಹಿಡಿಯಿತು, ನಾಲ್ಕೈದು ಜನರಿಗೆ ಆಗಲೂ ಆಗಲಿಲ್ಲ.

ಎಲ್ಲರಿಗೂ ಚಿತ್ರವೇ ದಾರಿ ಎಂದು ನಾನು ಹೇಳಲಾರೆ. ಒಬ್ಬ ಹುಡುಗನಿದ್ದಾನೆ, ಅವನಿಗೆ ಚುಕ್ಕಿ ಚಿತ್ರ ಎಂದರೆ ರೇಗುತ್ತದೆ. ಸಂಖ್ಯೆ ಕೊಡಿ ಟೀಚರ್, ಸುಮ್ಮನೆ ಏಕೆ ಆಟ ಎನ್ನುತ್ತಾನೆ. ಕೊಡುತ್ತೇನೆ. ಪೋರ್ಷನ್ ಹಿಂದೆ ಬೀಳುತ್ತದೆ, ಮುಖ್ಯೋಪಾಧ್ಯಾಯರು ಕೇಳುತ್ತಾರೆ, ಅವರ ಕೇಳ್ವಿಕೆಯೂ ನ್ಯಾಯವೇ. ಮೊಬೈಲಿನಲ್ಲಿ ಬಣ್ಣಬಣ್ಣದ ವಿನ್ಯಾಸಗಳ ವರ್ಕ್‌ಶೀಟ್ ರಾಶಿ ರಾಶಿ ಸಿಗುತ್ತದೆ, ಹೆಚ್ಚಿನವು ಹಳೆಯ ಸರಣಿಗೆ ಹೊಸ ಅಂಗಿ ತೊಡಿಸಿದವು. ನಾನು ಈಗ ಪಾಲಿಸುವ ನಿಯಮ ಒಂದೇ, ಅದೂ ನನ್ನ ಕೈಗೆ ಹಾಕಿಕೊಂಡ ಕಡಿವಾಣ: ಕನಿಷ್ಠ ಮೂರು ಮಕ್ಕಳು ಮೂರು ಬಗೆಯಾಗಿ ನೋಡಿ ಹೇಳುವವರೆಗೆ ಕೋಷ್ಟಕ ಎಳೆಯುವುದಿಲ್ಲ. ಕೆಲವು ದಿನ ಇಬ್ಬರೇ ಹೇಳುತ್ತಾರೆ. ಮೂರನೆಯವರಿಗಾಗಿ ಕಾಯುವಾಗಿನ ಮೌನವಿದೆಯಲ್ಲ, ಅದು ಕುರ್ಲಾ ಸ್ಟೇಷನ್ನಿನಲ್ಲಿ ಸಂಜೆ ಗಾಡಿ ಹತ್ತುವುದಕ್ಕಿಂತ ಕಷ್ಟ.

ದೀಪಾವಳಿ ರಜೆಗೆ ಮುಂಚಿನ ವಾರ ರಂಗೋಲಿಯ ಹುಡುಗಿ ಒಂದು ಪುಸ್ತಕ ತಂದಳು. ಪಕ್ಕದ ಮನೆಯ ಮರಾಠಿ ಮಾವಶಿ ಕೊಟ್ಟದ್ದು, 'ಠಿಪಕ್ಯಾಂಚಿ ರಾಂಗೋಳಿ', ಅಂದರೆ ಚುಕ್ಕಿ ರಂಗೋಲಿ, ಪುಟಗಳ ಅಂಚೆಲ್ಲ ಎಣ್ಣೆ. ಎರಡು ಪುಟಗಳಿಗೆ ಕಾಗದದ ಚೂರು ಇಟ್ಟು ಗುರುತು ಮಾಡಿದ್ದಳು. ಒಂದರಲ್ಲಿ ಹದಿಮೂರಕ್ಕೆ ಹದಿಮೂರರ ಚೌಕ ರಂಗೋಲಿ. ಇನ್ನೊಂದರಲ್ಲಿ ಹದಿನೈದರಿಂದ ಎಂಟು, ಸಂದು ಚುಕ್ಕಿ.

"ಎರಡರಲ್ಲಿಯೂ ಅಷ್ಟೇ ಚುಕ್ಕಿ ಟೀಚರ್."

ನಾನು ನಂಬಲಿಲ್ಲ. ಏಳು ಸುತ್ತು, ಒಂದರಿಂದ ಏಳರವರೆಗಿನ ಮೊತ್ತ 28, ಆರು 28ಕ್ಕೆ 168, ನಡುವಿನದೊಂದು ಸೇರಿ 169. ಹದಿಮೂರು ಹದಿಮೂರಲ 169. ಹೌದು. ಚೌಕದ ಚುಕ್ಕಿಗಳನ್ನೆಲ್ಲ ಎತ್ತಿ ಒಂದೂ ಮಿಗದಂತೆ, ಒಂದೂ ಸಾಲದಾಗದಂತೆ ಆರು ಮೂಲೆಯಾಗಿ ಹಾಸಬಹುದು. ಇಷ್ಟು ವರ್ಷ ಆ ಎರಡೂ ರಂಗೋಲಿಗಳನ್ನು ನಮ್ಮ ಮನೆಯ ಹೊಸ್ತಿಲಿನ ಮುಂದೆ ನಾನೇ ಹಾಕಿದ್ದೇನೆ.

"ಇಂಥದ್ದು ಇನ್ನೊಂದು ಇದೆಯೇ?" ಎಂದು ಕೇಳಿದಳು.

ಹತ್ತಿರದಲ್ಲಿ ಇರಲಿಲ್ಲ. ರಾತ್ರಿ ಕಾಗದದ ಮೇಲೆ ಇಪ್ಪತ್ತು ಸುತ್ತಿನವರೆಗೆ ಹೋಗಿ ಸೋತು, ಮಗನ ಕಂಪ್ಯೂಟರಿನಲ್ಲಿ ಹುಡುಕಿಸಿದೆ. ಮುಂದಿನದು ನಡುವಿನ ಸಾಲಿನಲ್ಲಿ 209 ಚುಕ್ಕಿ ಇಟ್ಟು 105ಕ್ಕೆ ಇಳಿಸುವ ರಂಗೋಲಿ. ಒಟ್ಟು 32,761 ಚುಕ್ಕಿ, ಅಂದರೆ 181 × 181. ಅವಳಿಗೆ ಹೇಳಿದೆ, ಇದನ್ನು ಯಾವ ಪುಸ್ತಕದಲ್ಲಿಯೂ ಅಚ್ಚುಹಾಕುವುದಿಲ್ಲ ಎಂದು ನಕ್ಕೆ.

ಅವಳು ನಗಲಿಲ್ಲ. ಡಬ್ಬಾದ ಹುಡುಗನನ್ನು ಕರೆದಳು. ಇಬ್ಬರೂ ಕಿಟಕಿಯ ಹತ್ತಿರ ನಿಂತು ಕೆಳಗಿನ ಅಂಗಳ ನೋಡಿದರು. ಎರಡು ಬೆರಳಿನ ಅಂತರವಾದರೆ ಆರೂ ಕಾಲು ಮೀಟರ್ ಸಾಕು ಎಂದು ಲೆಕ್ಕ ಹಾಕಿದರು. ತರಗತಿಯಲ್ಲಿ ಇಪ್ಪತ್ತೆರಡು ಜನ, ತಲೆಗೆ ಒಂದೂವರೆ ಸಾವಿರ ಚುಕ್ಕಿ ಬರುವುದಿಲ್ಲ, ಸ್ವಲ್ಪ ಕಡಿಮೆ. ರಂಗೋಲಿ ಪುಡಿ ಎಷ್ಟು ಕಿಲೋ ಬೇಕು ಎಂಬಲ್ಲಿ ಜಗಳ ನಿಂತಿತ್ತು, ನಾನು ಪಾಠಕ್ಕೆ ಕರೆದೆ.

"ಒಂದು ನಿಮಿಷ ಅಕ್ಕಾವರೇ" ಎಂದ ಅವನು. "ಅಂಗಳದಲ್ಲಿ ನಿಲ್ಲಿಸುವ ಕಾರು ಯಾರದು?"